ಡಿ.ವ್ಹಿ.ಡಿ. ಹೋಗಿ ಬ್ಲೂ-ರೇ ಬಂದರೆ ಮನೆಗೆ ಬಂದದ್ದೇನು?



ಮನೆಯೊಳಗಿನ ವಸ್ತುವೊಂದು ಹಳೆಯದಾಯಿತು ಎಂದು ನಿರ್ಧರಿಸುವವರು ಯಾರು? ಬೀಸುವ ಕಲ್ಲು ಹಳೆಯದಾಯಿತೆಂದು ನಮ್ಮ ಮನೆಯ ಹೆಣ್ಣುಮಕ್ಕಳೇ ತೀರ್ಮಾನಿಸಿದರು. ಅವರ ರಟ್ಟೆಗಳಿಗೆ ಆ ತೀರ್ಮಾನದ ಹಕ್ಕೂ ಇತ್ತು. ಎತ್ತಿನ ಗಾಡಿ ಸಾಕೆಂದು ರೈತನೇ ನಿರ್ಧರಿಸಿ ಟ್ರ್ಯಾಕ್ಟರ್ ಕೊಂಡ. ಆದರೆ ಚಿತ್ರ ಮತ್ತು ಧ್ವನಿಯ ಯಂತ್ರಗಳ ವಿಷಯ ಹಾಗಲ್ಲ. ಟೇಪ್ ರೆಕಾರ್ಡರ್ ಆಗಲಿ, ವ್ಹಿ.ಸಿ.ಆರ್. ಆಗಲಿ ಕೆಟ್ಟುಹೋದದ್ದರಿಂದ ಮೂಲೆ ಸೇರಲಿಲ್ಲ. ಅದರೊಳಗೆ ಹಾಕುವ ಕ್ಯಾಸೆಟ್ಟನ್ನು ಮಾರುವುದನ್ನು ಅಂಗಡಿಯವರು ನಿಲ್ಲಿಸಿದ್ದರಿಂದ ಮೂಲೆ ಸೇರಿದವು. ಇಲ್ಲಿ ನಮ್ಮ ವಸ್ತುವಿಗೆ ಮುಪ್ಪನ್ನು ತರುವವರು ಬೇರೆಯವರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದಿನ ವಿಷಯಕ್ಕೆ ಬರುತ್ತೇನೆ.

ಪುಣೆಯಲ್ಲಿ ನೌಕರಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. "ಸರ್, ಊರಾಗ ಅಪ್ಪಾರ ಡಿ.ವ್ಹಿ.ಡಿ. ಪ್ಲೇಯರ್ ಕೆಟ್ಟೈತ್ರಿ. ಡಿಸ್ಕ್ ಮಾತ್ರ ನೂರಕ್ಕ ಕಡಿಮಿ ಇಲ್ಲ. ಮತ್ತ ಡಿ.ವ್ಹಿ.ಡಿ. ಪ್ಲೇಯರ್ರೇ ತರ್ಲೇನ್ರಿ, ಬ್ಲೂ-ರೇ ತರ್ಲೇನ್ರಿ, ಇಲ್ಲಾ ಎಲ್ಲಾ ಗುಜರಿಗೆ ಹಾಕಿಬಿಡ್ಲೇನ್ರಿ?" ಪ್ರಶ್ನೆ ಅವನೊಬ್ಬನದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥ ಡಿಸ್ಕುಗಳು ಧೂಳು ತಿನ್ನುತ್ತಿವೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಸೇರಿಸಿ ಬರೆಯುವುದು ಲೇಸೆಂದು ತೋರಿತು.

ಮೊದಲು ನಮ್ಮ ಭಾಗದಲ್ಲಿ ಈ ಯಂತ್ರಗಳು ಬಂದ ಬಗೆಯನ್ನು ನೆನೆಯೋಣ. ಎಂಬತ್ತರ ದಶಕದಲ್ಲಿ ಊರಿಗೊಂದು ಟಿ.ವ್ಹಿ., ವ್ಹಿ.ಸಿ.ಆರ್. ಬಾಡಿಗೆಗೆ ತಂದು, ಗಣಪತಿ ಹಬ್ಬದಲ್ಲಿ ಇಡೀ ರಾತ್ರಿ ಮೂರು ಸಿನೆಮಾ ತೋರಿಸುತ್ತಿದ್ದರು. ಒಂದು ಕನ್ನಡ, ಒಂದು ಹಿಂದಿ, ಒಂದು ಮರಾಠಿ. ಗಡಿಭಾಗದ ಸಮಾಧಾನಕ್ಕೆ ಇದಕ್ಕಿಂತ ಉತ್ತಮ ಸೂತ್ರವನ್ನು ನಾನು ಕಂಡಿಲ್ಲ! ಬಳಿಕ ವ್ಹಿ.ಸಿ.ಡಿ. ಬಂತು. ಒಂದು ಸಿನೆಮಾ ಎರಡು ಮೂರು ಡಿಸ್ಕುಗಳಲ್ಲಿ ಹಂಚಿಹೋಗಿ, ನಾಯಕಿ ಅಳುತ್ತಿರುವಾಗಲೇ ಡಿಸ್ಕ್ ಬದಲಿಸಲು ಏಳಬೇಕಾಗುತ್ತಿತ್ತು. ಜಪಾನಿನಲ್ಲಿ 1996ರ ನವೆಂಬರದಲ್ಲಿಯೇ ಮಾರುಕಟ್ಟೆಗೆ ಬಂದಿದ್ದ ಡಿ.ವ್ಹಿ.ಡಿ. ನಮ್ಮ ಸಂತೆಯ ಅಂಗಡಿಗಳನ್ನು ತಲುಪಲು ಸುಮಾರು ಹತ್ತು ವರುಷ ಹಿಡಿಯಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿಯು ವ್ಹಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವ್ಹಿ.ಡಿ.ಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಮಾಸ್ತರರ ಮನೆಯಲ್ಲೂ ಸಿನೆಮಾದ ಒಂದು ಸಣ್ಣ ಗ್ರಂಥಾಲಯ ಇರುವುದು ಸಾಧ್ಯವಾಯಿತು. ಆ ಕಂಪನಿಯೂ ಸಾಲದಲ್ಲಿ ಮುಳುಗಿ 2018ರಲ್ಲಿ ಸಮಾಪನೆಯ ಆದೇಶಕ್ಕೆ ಗುರಿಯಾಯಿತು. ಅದು ಮಾರಿದ ಡಿಸ್ಕುಗಳು ಮಾತ್ರ ನಮ್ಮ ಕಪಾಟುಗಳಲ್ಲಿ ಇನ್ನೂ ಇವೆ. ಮಾರಿದವನು ಇಲ್ಲವಾದರೂ ಮಾರಿದ ವಸ್ತು ಉಳಿಯುತ್ತದೆ ಎಂಬುದನ್ನು ಗಮನಿಸಿರಿ. ಮುಂದೆ ಈ ಮಾತಿನ ಕೆಲಸವಿದೆ.

ಇನ್ನು ಬ್ಲೂ-ರೇ ಎಂದರೇನು? ವಿಜ್ಞಾನದ ಮಾಸ್ತರನಾದ ನಾನು ಇಲ್ಲಿ ಐದು ನಿಮಿಷ ಪಾಠ ಮಾಡದೆ ಬಿಡಲಾರೆ, ಕ್ಷಮಿಸಬೇಕು. ಸಿ.ಡಿ., ಡಿ.ವ್ಹಿ.ಡಿ., ಬ್ಲೂ-ರೇ ಮೂರೂ ಗಾತ್ರದಲ್ಲಿ ಒಂದೇ. ಹನ್ನೆರಡು ಸೆಂಟಿಮೀಟರ್ ಅಗಲದ ತಟ್ಟೆಗಳು. ವ್ಯತ್ಯಾಸ ಇರುವುದು ಅದರ ಮೇಲೆ ಸುರುಳಿಯಾಗಿ ಬಿತ್ತಿದ ಸಾಲುಗಳ ನಡುವಿನ ಅಂತರದಲ್ಲಿ. ಸಿ.ಡಿ.ಯಲ್ಲಿ ಆ ಅಂತರ 1.6 ಮೈಕ್ರೋಮೀಟರ್, ಡಿ.ವ್ಹಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ಹೊಲದ ಭಾಷೆಯಲ್ಲಿ ಹೇಳುವುದಾದರೆ ಸಿ.ಡಿ. ಎಂಬುದು ನಾಲ್ಕಡಿ ಸಾಲಿನ ಕಬ್ಬು, ಡಿ.ವ್ಹಿ.ಡಿ. ಹದಿನೆಂಟು ಇಂಚಿನ ಜೋಳ, ಬ್ಲೂ-ರೇ ಒಂಬತ್ತು ಇಂಚಿನ ಗೋದಿ. ಹೊಲ ಅದೇ, ಸಾಲು ಹತ್ತಿರವಾದಷ್ಟೂ ಹೆಚ್ಚು ಕಾಳು.

ಆದರೆ ಇಷ್ಟು ಇಕ್ಕಟ್ಟಾದ ಸಾಲನ್ನು ಓದಲು ಅಷ್ಟೇ ಸಣ್ಣ ಮೊನೆಯ ಬೆಳಕು ಬೇಕಲ್ಲವೇ? ಡಿ.ವ್ಹಿ.ಡಿ.ಯದು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್. ಬ್ಲೂ-ರೇಯದು 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್. ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಚುಕ್ಕೆಯನ್ನು ಚಿಕ್ಕದಾಗಿ ಕೇಂದ್ರೀಕರಿಸಬಹುದು. ದಪ್ಪ ಸ್ಕೆಚ್ ಪೆನ್ನಿನಿಂದ ಬರೆದರೆ ಒಂದು ಪುಟ ಹಿಡಿಯುವ ನಿಬಂಧವನ್ನು ಸಣ್ಣ ಮೊನೆಯ ಪೆನ್ನಿನಿಂದ ಕಾಲು ಪುಟದಲ್ಲಿ ಮುಗಿಸಿದಂತೆ. ಈ ನೀಲಿ ಬೆಳಕನ್ನು ಅರೆವಾಹಕದಿಂದ ಹೊರಡಿಸುವುದೇ ಬಹುಕಾಲ ಕಗ್ಗಂಟಾಗಿತ್ತು. ನೀಲಿ ಎಲ್.ಇ.ಡಿ.ಯನ್ನು ಸಾಧಿಸಿದ ಅಕಾಸಾಕಿ, ಅಮಾನೋ ಮತ್ತು ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ದೊರೆಯಿತು. ಬ್ಲೂ-ರೇಯ ಲೇಸರ್ ಅದೇ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಕೂಸು. ಫಲವಾಗಿ, ಒಂದು ಪದರಿನ ಡಿ.ವ್ಹಿ.ಡಿ.ಯಲ್ಲಿ 4.7 ಜಿ.ಬಿ. ಹಿಡಿದರೆ ಒಂದು ಪದರಿನ ಬ್ಲೂ-ರೇಯಲ್ಲಿ 25 ಜಿ.ಬಿ. ಹಿಡಿಯುತ್ತದೆ. ನಮ್ಮ ಡಿ.ವ್ಹಿ.ಡಿ.ಯ ಚಿತ್ರದಲ್ಲಿ 720 ಗುಣಿಲೆ 576 ಚುಕ್ಕೆಗಳು. ಬ್ಲೂ-ರೇಯಲ್ಲಿ 1920 ಗುಣಿಲೆ 1080. ಗುಣಾಕಾರ ಮಾಡಿ ನೋಡಿರಿ, ಸರಿಯಾಗಿ ಐದು ಪಟ್ಟು.

ಐದು ಪಟ್ಟು ಚುಕ್ಕೆ ಎಂದರೆ ಐದು ಪಟ್ಟು ಆನಂದವೇ? ಅಲ್ಲವೇ ಅಲ್ಲ. ಇಲ್ಲಿಯೇ ಅಂಗಡಿಯವನ ಮಾತಿಗೂ ಮಾಸ್ತರನ ಮಾತಿಗೂ ವ್ಯತ್ಯಾಸ. ಮನುಷ್ಯನ ಕಣ್ಣಿಗೂ ಒಂದು ಮಿತಿಯಿದೆ. ಲೆಕ್ಕ ಹಾಕಿದರೆ, 32 ಇಂಚಿನ ಟಿ.ವ್ಹಿ.ಯನ್ನು ಪಡಸಾಲೆಯಲ್ಲಿ ಹತ್ತಡಿ ದೂರದಿಂದ ನೋಡುವವರಿಗೆ ಡಿ.ವ್ಹಿ.ಡಿ.ಯ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅವರಿಗೆ ಬ್ಲೂ-ರೇ ತಂದರೆ ಹೆಚ್ಚಿನ ಲಾಭವಿಲ್ಲ. ಅದೇ ದೂರದಿಂದ 55 ಇಂಚಿನ ಟಿ.ವ್ಹಿ. ನೋಡುವವರಿಗೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಅಂಗಡಿಗೆ ಹೋಗುವ ಬದಲು ಅಳತೆಪಟ್ಟಿ ಹಿಡಿದು ನಿಮ್ಮ ಪಡಸಾಲೆಗೇ ಹೋಗಿರಿ.

ಎರಡನೆಯ ಮಾತು ಇನ್ನೂ ಮುಖ್ಯ. ಯಂತ್ರವು ಇಲ್ಲದ ವಿವರವನ್ನು ಹುಟ್ಟಿಸಲಾರದು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರ ಚಿತ್ರ. ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶದ ಸಂಸ್ಥೆಗಳು ಸೇರಿ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅಷ್ಟು ಹಳೆಯ ಚಿತ್ರಕ್ಕೆ ಅದು ಸಾಧ್ಯವಾದದ್ದು ಏಕೆಂದರೆ ಅದು ಫಿಲ್ಮಿನ ಮೇಲೆ ತೆಗೆದದ್ದು. ಫಿಲ್ಮಿನ ಒಡಲಲ್ಲಿ ಡಿ.ವ್ಹಿ.ಡಿ. ತೋರಿಸಲಾರದಷ್ಟು ವಿವರ ಅಡಗಿರುತ್ತದೆ. ಆದರೆ ನಿಮ್ಮ ಅಕ್ಕನ ಮದುವೆಯ ವ್ಹಿಡಿಯೋ ಕ್ಯಾಸೆಟ್ಟಿನಲ್ಲಿ ಇರುವುದೇ ಅಷ್ಟು. ಅದನ್ನು ಡಿ.ವ್ಹಿ.ಡಿ.ಗೆ ಇಳಿಸಿ, ಬ್ಲೂ-ರೇ ಪ್ಲೇಯರಿನಲ್ಲಿ ಹಾಕಿದರೂ ಬೀಗರ ಮುಖ ಹಿಂದೆ ಎಷ್ಟು ಮಸುಕಾಗಿತ್ತೋ ಅಷ್ಟೇ ಮಸುಕು. ಹಾಲು ನೀರಾಗಿದ್ದರೆ ಪಾತ್ರೆ ಬೆಳ್ಳಿಯದಾದರೇನು?

ಹಾಗಾದರೆ ಬ್ಲೂ-ರೇ ಬೇಡವೇ ಎಂದು ಕೇಳುವಿರಿ. ಬೇಡವೆನ್ನುವವರ ಬಳಿ ಇದಕ್ಕಿಂತ ಬಲವಾದ ವಾದವೊಂದಿದೆ. ಅದನ್ನು ಅವರ ಪರವಾಗಿ ನಾನೇ ಮಂಡಿಸುತ್ತೇನೆ. ಈಗ ಎಲ್ಲವೂ ಮೊಬೈಲಿನಲ್ಲಿ ದೊರೆಯುತ್ತದೆ. ತಿಂಗಳಿಗೆ ಇಷ್ಟು ರೊಕ್ಕ ಕಟ್ಟಿದರೆ ಸಾವಿರಾರು ಚಿತ್ರ. ಕಪಾಟು ಬೇಡ, ಧೂಳು ಬೇಡ, ಗೀರು ಬೀಳುವ ಭಯ ಬೇಡ. ಲೋಕವೂ ಅತ್ತಲೇ ಸಾಗಿದೆ. ಜಪಾನಿನ ಫುನಾಯ್ ಕಂಪನಿಯು 2016ರಲ್ಲಿ ವ್ಹಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಅಂಚೆಯ ಮೂಲಕ ಡಿ.ವ್ಹಿ.ಡಿ. ಕಳಿಸುತ್ತಲೇ ಬೆಳೆದ ಅಮೆರಿಕೆಯ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರದಲ್ಲಿ ಆ ಸೇವೆಯನ್ನು ಮುಗಿಸಿತು. ಸೋನಿ ಕಂಪನಿಯು 2025ರ ಫೆಬ್ರುವರಿಯಲ್ಲಿ ದಾಖಲಿಸಬಲ್ಲ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನೇ ಬಿಟ್ಟಿತು. ಮುಳುಗುತ್ತಿರುವ ದೋಣಿಗೆ ಟಿಕೀಟು ತೆಗೆಸುವುದು ಯಾವ ಶಾಣ್ಯಾತನ?

ವಾದ ಬಲವಾಗಿದೆ. ಆದರೂ ನಾನು ಒಪ್ಪುವುದಿಲ್ಲ. ಏಕೆಂದರೆ ಬಾಡಿಗೆಯ ಮನೆ ಎಷ್ಟೇ ಚೆನ್ನಾಗಿರಲಿ, ಅದರ ಬೀಗದ ಕೈ ಇನ್ನೊಬ್ಬರ ಬಳಿಯೂ ಇರುತ್ತದೆ. ಮೊಬೈಲಿನ ಚಿತ್ರಗಳು ಒಪ್ಪಂದ ಇರುವವರೆಗೆ ಇರುತ್ತವೆ. ಒಪ್ಪಂದ ಮುಗಿದ ದಿನ ನಿಮಗೆ ಹೇಳದೆ ಕೇಳದೆ ಹೋಗುತ್ತವೆ. ಕಂಪನಿಯೇ ಮುಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದೇನು? ಮೋಸರ್ ಬೇರ್ ಕಂಪನಿ ಮುಗಿದ ಮರುದಿನವೂ ಅದರ 34 ರೂಪಾಯಿಯ ಡಿಸ್ಕ್ ನಮ್ಮ ಮನೆಯಲ್ಲಿ ಹಾಡುತ್ತಿತ್ತು ಎಂದೆನಲ್ಲ, ಆ ಮಾತಿನ ಅರ್ಥ ಇದೇ.

ಈ ಬಗ್ಗೆ ನಮ್ಮ ನೆರೆಯಲ್ಲೇ ನಡೆದ ಒಂದು ಸಂಗತಿಯನ್ನು ತರಗತಿಯಲ್ಲಿ ನಿಮಗೆಲ್ಲ ಹೇಳುತ್ತಿದ್ದೆ, ನೆನಪಿದೆಯೇ? ಕನ್ನಡದ ಮೊದಲ ಬಿಡುಗಡೆಯಾದ ವಾಕ್ಚಿತ್ರ 'ಸತಿ ಸುಲೋಚನ'. ವೈ.ವಿ. ರಾವ್ ಅವರ ನಿರ್ದೇಶನ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬರವಣಿಗೆ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರ ಅಭಿನಯ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ನಮ್ಮ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ! ನಿಪ್ಪಾಣಿಯಿಂದ ಒಂದು ತಾಸಿನ ಹಾದಿ. ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲು ಮಾತನಾಡಿದ್ದು ಗಡಿಯಾಚೆಯ ಮರಾಠಿ ಊರಿನ ಆಸರೆಯಲ್ಲಿ ಎಂಬುದನ್ನು ಎರಡೂ ಕಡೆಯ ಹಟಮಾರಿಗಳು ನೆನಪಿಡಬೇಕು. ಇರಲಿ. ಈಗ ನಾನು ಹೇಳಹೊರಟದ್ದು ಬೇರೆ: ಆ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಆ ಚಿತ್ರ ಬಂದ ಮೂವತ್ತು ವರುಷಗಳ ಮೇಲೆ. ನೋಡಿದವರ ಮನಸ್ಸಿನಲ್ಲಿ ಮಾತ್ರ ಉಳಿದ ಚಿತ್ರ ನೋಡಿದವರೊಂದಿಗೇ ಹೋಯಿತು. ಆ ಕಾಲದಲ್ಲಿ ಚಿತ್ರದ ಪ್ರತಿಗಳು ಬೆರಳೆಣಿಕೆಯಷ್ಟು. ಅವು ಇದ್ದದ್ದು ವ್ಯಾಪಾರಿಗಳ ಬಳಿ. ಮನೆಯಲ್ಲಿ ಇಟ್ಟುಕೊಳ್ಳುವ ಉಪಾಯವೇ ಪ್ರೇಕ್ಷಕರಿಗೆ ಇರಲಿಲ್ಲ. ನಮಗೆ ಆ ಉಪಾಯ ಕೈಗೆ ಬಂದದ್ದೇ ಕ್ಯಾಸೆಟ್ಟು, ಡಿಸ್ಕುಗಳಿಂದ. ಅದನ್ನು ಹಗುರವಾಗಿ ಬಿಟ್ಟುಕೊಟ್ಟು ಮತ್ತೆ ಎಲ್ಲ ಪ್ರತಿಗಳನ್ನೂ ವ್ಯಾಪಾರಿಯ ವಶಕ್ಕೆ ಒಪ್ಪಿಸುವುದು ಜಾಣತನವಲ್ಲವೆಂಬುದು ನನ್ನ ಅಭಿಮತ.

ಆದಕಾರಣ ಮೇಲಿನ ಮೂರು ಆಯ್ಕೆಗಳಲ್ಲಿ ನಾನು ಬ್ಲೂ-ರೇಯ ಪರ. ಹೊಳಪಿನ ಆಸೆಗಾಗಿ ಅಲ್ಲ. ಅದು ಹಿಂದಿನ ತಲೆಮಾರನ್ನೂ ಪೊರೆಯುತ್ತದೆ ಎಂಬ ಕಾರಣಕ್ಕಾಗಿ. ಬ್ಲೂ-ರೇ ಪ್ಲೇಯರ್ ಡಿ.ವ್ಹಿ.ಡಿ.ಗಳನ್ನೂ ಓದುತ್ತದೆ, ಬಹುಪಾಲು ಯಂತ್ರಗಳು ಹಾಡಿನ ಸಿ.ಡಿ.ಗಳನ್ನೂ ಓದುತ್ತವೆ. ಡಿ.ವ್ಹಿ.ಡಿ. ಪ್ಲೇಯರಿಗೆ ಬ್ಲೂ-ರೇ ಓದಲು ಬಾರದು. ಕಿರಿಯನು ಹಿರಿಯರ ಭಾಷೆ ಬಲ್ಲ, ಹಿರಿಯರಿಗೆ ಕಿರಿಯನ ಭಾಷೆ ತಿಳಿಯದು. ನಮ್ಮ ಮನೆಗಳ ಹಾಗೆಯೇ. ಜೊತೆಗೆ, ಹೊಸ ಟಿ.ವ್ಹಿ.ಗಳಲ್ಲಿ ಹಳದಿ, ಕೆಂಪು, ಬಿಳಿ ತೂತುಗಳು ಮಾಯವಾಗುತ್ತಿವೆ. ಬ್ಲೂ-ರೇ ಪ್ಲೇಯರ್ ಎಚ್.ಡಿ.ಎಂ.ಐ. ಎಂಬ ಒಂದೇ ತಂತಿಯಿಂದ ಕೂಡಿಕೊಳ್ಳುತ್ತದೆ. ದೋಣಿ ಮುಳುಗುತ್ತಿದೆ ಎಂಬ ಮಾತು ನಿಜವಾದರೆ, ಇನ್ನೂ ಸಿಗುತ್ತಿರುವಾಗಲೇ ಒಂದನ್ನು ಕೊಳ್ಳಬೇಕೆಂಬುದಕ್ಕೆ ಅದೇ ಕಾರಣ. ಊರಿಗೆ ಕೊನೆಯ ಬಸ್ಸು ಹೊರಡುವ ಹೊತ್ತಿನಲ್ಲಿ "ನಾಳೆಯಿಂದ ಈ ಬಸ್ಸು ಇಲ್ಲ" ಎಂದು ಯಾರಾದರೂ ಹೇಳಿದರೆ ನಾವು ಹತ್ತುತ್ತೇವೆಯೋ ಬಿಡುತ್ತೇವೆಯೋ? ಆದರೆ ಮನೆಯಲ್ಲಿ ಒಂದೂ ಡಿಸ್ಕ್ ಇಲ್ಲದವರು ಸುಮ್ಮನೆ ಕೊಳ್ಳಬೇಡಿರಿ. ಹೊಲವಿಲ್ಲದವನಿಗೆ ಕೂರಿಗೆ ಏತಕ್ಕೆ?

ಕೊಳ್ಳುವವರಿಗೆ ಮೂರು ಎಚ್ಚರಿಕೆಗಳು. ಮೊದಲನೆಯದು, ಹಳೆಯ ವ್ಹಿ.ಸಿ.ಡಿ.ಗಳನ್ನು ಎಲ್ಲ ಬ್ಲೂ-ರೇ ಯಂತ್ರಗಳೂ ಓದುವುದಿಲ್ಲ. ನಿಮ್ಮದೊಂದು ಡಿಸ್ಕ್ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿರಿ. ಎರಡನೆಯದು, ಪ್ರದೇಶದ ಬೀಗ. ಡಿ.ವ್ಹಿ.ಡಿ.ಗೆ ಭಾರತವು 5ನೆಯ ಪ್ರದೇಶ, ಅಮೆರಿಕ 1ನೆಯದು. ಬ್ಲೂ-ರೇಯಲ್ಲಿ ನಮ್ಮದು 'ಸಿ', ಅಮೆರಿಕದ್ದು 'ಎ', ಯುರೋಪಿನದು 'ಬಿ'. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟಿದ್ದವು. ಅವುಗಳ ಅಳಿದುಳಿದ ಭಾಗಗಳಿಂದ ಪುನರುಜ್ಜೀವನಗೊಂಡ ಆವೃತ್ತಿ 2015ರಲ್ಲಿ ಅಮೆರಿಕದಲ್ಲಿ ಬ್ಲೂ-ರೇಯಾಗಿ ಬಂತು. ಅದು 'ಎ' ಪ್ರದೇಶದ್ದು. ನಮ್ಮವರೇ ಮಾಡಿದ ಚಿತ್ರ, ನಮ್ಮ ಅಂಗಡಿಯಲ್ಲಿ ಕೊಂಡ ಯಂತ್ರ, ಆದರೂ ಬಾಗಿಲು ತೆರೆಯದು! ಅಮೆರಿಕದಲ್ಲಿರುವ ನನ್ನ ಅಳಿಯ, ಸೊಸೆ, ಮೊಮ್ಮಕ್ಕಳು ಊರಿಗೆ ಬರುವಾಗ ಪ್ರೀತಿಯಿಂದ ಡಿಸ್ಕ್ ತರುವ ಮುನ್ನ ಹಿಂಬದಿಯ ಅಕ್ಷರವನ್ನು ನೋಡಬೇಕಾಗಿ ವಿನಂತಿ. ಮೂರನೆಯದು, ಗೀರು. ಡಿ.ವ್ಹಿ.ಡಿ.ಯ ದಾಖಲೆಯ ಪದರು ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದೆ. ಬ್ಲೂ-ರೇಯಲ್ಲಿ ಕೇವಲ 0.1 ಮಿಲಿಮೀಟರ್. ಮೇಲೆ ಗಟ್ಟಿಯಾದ ಲೇಪನವಿದ್ದರೂ ಅಂಚು ಹಿಡಿದೇ ಎತ್ತಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಂಗಡಿಯ ಡಿಸ್ಕುಗಳಲ್ಲಿ ದಾಖಲೆಯನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿರುತ್ತಾರೆ. ಆದರೆ ಮದುವೆ, ಮುಂಜಿ, ಸೀಮಂತ, ಶಾಲೆಯ ಗ್ಯಾದರಿಂಗ್ ಎಂದು ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕುಗಳಲ್ಲಿ ಅಚ್ಚು ಇಲ್ಲ. ಒಂದು ಬಗೆಯ ಬಣ್ಣದ ಪದರಿನ ಮೇಲೆ ಲೇಸರಿನಿಂದ ಸುಟ್ಟ ಗುರುತುಗಳಿವೆ. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ಅಂಗಡಿಯ ಸಿನೆಮಾ ಹಾಳಾದರೆ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. ನಿಮ್ಮ ಅಜ್ಜಿಯ ದನಿ ಹಾಳಾದರೆ ಜಗತ್ತಿನಲ್ಲಿ ಇನ್ನೊಂದು ಪ್ರತಿ ಇಲ್ಲ.

ರಾಯಬಾಗ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದಾಗ, 1997ರ ಗ್ಯಾದರಿಂಗಿನಲ್ಲಿ ಶ್ರೀಕೃಷ್ಣ ಪಾರಿಜಾತದ ಹಿರಿಯ ಕಲಾವಿದರೊಬ್ಬರನ್ನು ಕರೆಸಿದ್ದೆವು. ಮದುವೆಯ ವ್ಹಿಡಿಯೋ ತೆಗೆಯುವ ಹುಡುಗನೊಬ್ಬ ಅವರ ಭಾಗವತಿಕೆಯನ್ನು ಮುಕ್ಕಾಲು ತಾಸು ಸೆರೆಹಿಡಿದ. 2006ರಲ್ಲಿ ಆ ಕ್ಯಾಸೆಟ್ಟನ್ನು ಡಿ.ವ್ಹಿ.ಡಿ.ಗೆ ಇಳಿಸಿದೆ. 2018ರಲ್ಲಿ ಅದು ಹಳೆಯ ಪ್ಲೇಯರಿನಲ್ಲಿ ಅಲ್ಲಲ್ಲಿ ತಡೆದು ನಿಲ್ಲತೊಡಗಿದಾಗ ಕಂಪ್ಯೂಟರಿಗೆ ಹಾಕಿ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿಸಿದೆ. ಮರುವರ್ಷ, 2019ರ ಆಗಸ್ಟದಲ್ಲಿ ಕೃಷ್ಣೆ ಉಕ್ಕಿದಳು. ಯಡೂರ, ಕಲ್ಲೋಳ, ಮಾಂಜರಿ, ಜುಗುಳ ಮುಂತಾದ ನದಿತೀರದ ಊರುಗಳ ಜನ ಉಟ್ಟ ಬಟ್ಟೆಯಲ್ಲಿ ಹೊರಬಂದದ್ದನ್ನು ನೀವೆಲ್ಲ ಬಲ್ಲಿರಿ. ಆ ಕಲಾವಿದರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಯಲ್ಲಿದ್ದ ಫೋಟೋ, ಹಾಡಿನ ವಹಿ, ಕ್ಯಾಸೆಟ್ಟುಗಳೆಲ್ಲ ಕೆಸರಿನ ಪಾಲಾದವು. ನೀರು ಇಳಿದ ಕೆಲವು ತಿಂಗಳಿಗೆ ಅವರ ಮೊಮ್ಮಗ, ಅವನೂ ನನ್ನ ವಿದ್ಯಾರ್ಥಿಯೇ, ಮನೆಗೆ ಬಂದ. ಚಿತ್ರ ಮಸುಕಾಗಿತ್ತು, ಧ್ವನಿಯಲ್ಲಿ ಮೈಕಿನ ಗೊರಗೊರ ಇತ್ತು. ಮುಕ್ಕಾಲು ತಾಸು ಅವನು ಅಲುಗಾಡಲಿಲ್ಲ. "ಅಜ್ಜ ಹಾಡಿದ್ದು ನಾ ಒಮ್ಮಿನೂ ಕೇಳಿದ್ದಿಲ್ರಿ ಸರ್" ಎಂದಷ್ಟೇ ಹೇಳಿ, ಪೆನ್ ಡ್ರೈವ್ ಕಿಸೆಯಲ್ಲಿಟ್ಟುಕೊಂಡು, ಕಾಲು ಮುಟ್ಟಿ ಹೋದ. ಚಿತ್ರದಲ್ಲಿ ಎಷ್ಟು ಚುಕ್ಕೆಗಳಿದ್ದವೆಂದು ಅವನು ಕೇಳಲಿಲ್ಲ.

ಆದ್ದರಿಂದ ಬ್ಲೂ-ರೇ ತರುವವರೂ, ತರದವರೂ ಈ ದೀಪಾವಳಿಯ ಸ್ವಚ್ಛತೆಯ ನೆಪದಲ್ಲಿ ಒಂದು ಕೆಲಸ ಮಾಡಬೇಕು. ಕಪಾಟಿನ ಡಿಸ್ಕುಗಳನ್ನು ಎರಡು ಗುಂಪು ಮಾಡಿರಿ: ಅಂಗಡಿಯಿಂದ ಕೊಂಡವು ಒಂದು ಕಡೆ, ಮನೆಯವು ಇನ್ನೊಂದು ಕಡೆ. ಮನೆಯವನ್ನು ಮೊದಲು ನಕಲು ಮಾಡಿಸಿರಿ. ನಕಲು ಎರಡಿರಲಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಬೆಂಕಿ, ನೀರು ಎರಡೂ ಊರಿಗೆ ಒಂದೇ ದಿನ ಬರುವುದು ಅಪರೂಪ. ಪ್ರತಿಯೊಂದರ ಪೆಟ್ಟಿಗೆಯ ಮೇಲೆ ವರುಷ, ಊರು ಮತ್ತು ಅದರಲ್ಲಿ ಕಾಣುವವರ ಹೆಸರುಗಳನ್ನು ಬರೆಯಿರಿ. ಈ ಕೊನೆಯದನ್ನು ಹಿರಿಯರು ಬದುಕಿರುವಾಗಲೇ ಮಾಡಬೇಕು. ಮೂರನೆಯ ಸಾಲಿನಲ್ಲಿ ಕುಳಿತ ಹಸಿರು ಸೀರೆಯವರು ಯಾರೆಂದು ಹೇಳುವುದು ಅವರಿಗೆ ಮಾತ್ರ ಸಾಧ್ಯ.

ನನ್ನ ಬಳಿ 1997, 2001 ಮತ್ತು 2004ರ ಗ್ಯಾದರಿಂಗಿನ ದಾಖಲೆಗಳಿವೆ. ಆ ವರುಷಗಳಲ್ಲಿ ಓದಿದವರು ಪೆನ್ ಡ್ರೈವ್ ತಂದರೆ ಸಂತೋಷದಿಂದ ಕೊಡುತ್ತೇನೆ, ಚಹವೂ ಸಿಗುತ್ತದೆ. 1999ರದು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ಆ ವರುಷ ಹತ್ತನೆಯ ಇಯತ್ತೆಯವರು ಆಡಿದ ನಾಟಕದಲ್ಲಿ ಪರದೆ ಕಳಚಿ ರಾಜನ ತಲೆಯ ಮೇಲೆ ಬಿದ್ದರೂ ರಾಜ ಮಾತು ನಿಲ್ಲಿಸಿರಲಿಲ್ಲ. ಆ ರಾಜನಿಗೆ ಈಗ ಹತ್ತನೆಯ ಇಯತ್ತೆಯ ಮಗನಿದ್ದಾನೆ; ಅವನಿಗೆ ಅದನ್ನು ತೋರಿಸಬೇಕಾಗಿದೆ.